ಸೋರಿಹೋದ ಮಾಹಿತಿ ಮರಳುವುದುಂಟೇ?

ಪ್ರಶ್ನೆ: ಕ್ವಾಂಟಂ ಕಣದಿಂದ ಪರಿಸರಕ್ಕೆ ಸೋರಿದ ಮಾಹಿತಿ ವಾಪಸು ಬರಬಹುದೇ?

ಉತ್ತರ: ಬರಬಹುದು. ಬಂದದ್ದನ್ನು ಪ್ರಯೋಗಾಲಯದಲ್ಲಿ ಅಳೆದೂ ಆಗಿದೆ.

1976ರಲ್ಲಿ ಲಿಂಡ್‌ಬ್ಲಾಡ್ ಒಂದು ಕಡೆ, ಗೊರಿನಿ, ಕೊಸಕೊವ್‌ಸ್ಕಿ ಮತ್ತು ಕೇರಳ ಮೂಲದ ಇ.ಸಿ.ಜಿ. ಸುದರ್ಶನ್ ಇನ್ನೊಂದು ಕಡೆ ರೂಪಿಸಿದ ಪ್ರಸಿದ್ಧ ಸಮೀಕರಣದಲ್ಲಿ ಪರಿಸರಕ್ಕೆ ನೆನಪೇ ಇಲ್ಲ, ಹೋದದ್ದು ಹೋಯಿತು. ಪರಿಸರ ವಿಶಾಲವಾಗಿದ್ದು, ಕಣ ಉಂಟುಮಾಡಿದ ಕಲಕಾಟ ಅಲ್ಲಿ ಬೇಗ ಅಳಿಸಿಹೋಗುವುದಾದರೆ ಈ ಲೆಕ್ಕ ಸರಿಯೇ. ಎಲ್ಲ ಪರಿಸರಗಳೂ ಹಾಗಿರುವುದಿಲ್ಲ.

2011ರಲ್ಲಿ ಚೀನಾ, ಫಿನ್‌ಲೆಂಡ್, ಜರ್ಮನಿಯ ವಿಜ್ಞಾನಿಗಳು ಮಾಹಿತಿ ಮರಳುವುದನ್ನು ಫೋಟಾನ್‌ನಲ್ಲೇ ತೋರಿಸಿದರು. ಫೋಟಾನಿನ ಧ್ರುವೀಕರಣವೇ ಇಲ್ಲಿ 'ಕಣ', ಅದರದೇ ಆವರ್ತನ 'ಪರಿಸರ'. ಇವೆರಡನ್ನೂ ಬೆಸೆಯುವುದು ಕ್ವಾರ್ಟ್ಜ್ ಫಲಕ. ಆವರ್ತನ ಒಂದೇ ಶಿಖರದ ಸುತ್ತ ಹರಡಿದ್ದಾಗ ಫಲಕ ದಪ್ಪವಾದಂತೆ ಎರಡು ಧ್ರುವೀಕರಣ ಸ್ಥಿತಿಗಳ ನಡುವಿನ ವ್ಯತ್ಯಾಸ ಮಸುಕಾಗುತ್ತಲೇ ಹೋಯಿತು. ದಾರಿಯಲ್ಲಿದ್ದ ಒಂದು ತೆಳು ಗಾಜಿನ ಸಾಧನವನ್ನು ವಾಲಿಸಿ ಆವರ್ತನವನ್ನು ಎರಡು ಶಿಖರಗಳಾಗಿ ಒಡೆದಾಗ ಮಾತ್ರ ಆಟವೇ ಬದಲಾಯಿತು: ಮಸುಕಾದ ವ್ಯತ್ಯಾಸ ಮತ್ತೆ ಸ್ಪಷ್ಟವಾಯಿತು, ಅಂದರೆ ಸೋರಿದ ಮಾಹಿತಿ ಮರಳಿತು! ಎರಡೂ ಶಿಖರಗಳ ಹೆಜ್ಜೆ ಮೊದಲು ತಪ್ಪಿ, ಆಮೇಲೆ ಕೂಡಿದ್ದೇ ಇದಕ್ಕೆ ಕಾರಣ.

ಒಂದು ಸಣ್ಣ ವಾಲಿಕೆ ಮರೆವನ್ನು ನೆನಪಾಗಿಸಿದ್ದು ನಿಜಕ್ಕೂ ಸೊಗಸು. ಆದರೆ ಶಿಖರಗಳಿಗೂ ತಕ್ಕಷ್ಟು ಅಗಲ ಇರುವುದರಿಂದ ಮಾಹಿತಿ ಪೂರ್ತಿ ಮರಳುವುದಿಲ್ಲ.