ಬೈಲಕುಪ್ಪೆ: ಆಶ್ರಿತರಿಗೆ ನೆಲ ಕೊಟ್ಟ ಸೀಮೆ

ಮೈಸೂರಿನಿಂದ ಮಡಿಕೇರಿಯತ್ತ ಸಾಗುವ ಹೆದ್ದಾರಿಯಲ್ಲಿ, ಕಾವೇರಿಯನ್ನು ದಾಟಿ ಕುಶಾಲನಗರವನ್ನು ಸೇರುವುದಕ್ಕೆ ಸ್ವಲ್ಪ ಮುನ್ನ ಒಳಕ್ಕೆ ಹೊರಳುವ ದಾರಿ ಹಿಡಿದರೆ, ಪಿರಿಯಾಪಟ್ಟಣ ಸೀಮೆಯ ಮುಸುಕಿನ ಜೋಳದ ಹೊಲಗಳ ನಡುವೆ ಪ್ರಾರ್ಥನಾಪತಾಕೆಗಳು ಗಾಳಿಗೆ ಮಿಡಿಯುತ್ತಿರುವ ಬೈಲಕುಪ್ಪೆಯ ಟಿಬೆಟನ್ ಕ್ಯಾಂಪು ಎದುರಾಗುತ್ತದೆ. ಯಾತ್ರಿಕರಲ್ಲಿ ಬಹುಮಂದಿ 1963ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ವಿಹಾರದ ಸುವರ್ಣಬಿಂಬಗಳನ್ನು ನೋಡಿ, ಮೊಮೊ ತಿಂದು ಹಿಂದಿರುಗುತ್ತಾರೆ. ನನಗಾದರೋ ಆ ಬಂಗಾರಕ್ಕಿಂತ ಈ ಜೋಳದ ಹೊಲಗಳೇ ಹೆಚ್ಚು ದರ್ಶನೀಯವಾಗಿ ತೋರುತ್ತವೆ.

1959ರಲ್ಲಿ ದಲೈ ಲಾಮಾ ಅವರ ಬೆನ್ನಿಗೆ ಹಿಮಾಲಯವನ್ನು ದಾಟಿ ಬಂದವರಲ್ಲಿ ಅನೇಕರು ಉತ್ತರದ ಬೆಟ್ಟಗಳಲ್ಲಿ ರಸ್ತೆಯ ಕೂಲಿಗಳಾಗಿ ಕಲ್ಲೊಡೆಯುತ್ತಿದ್ದ ಕಾಲದಲ್ಲಿ, ನೆಹರೂ ಅವರ ಸರ್ಕಾರದ ಕೋರಿಕೆಗೆ ಓಗೊಟ್ಟು, ಅಂದಿನ ಮೈಸೂರು ರಾಜ್ಯವು ಸುಮಾರು 3,000 ಎಕರೆ ಅರಣ್ಯಭೂಮಿಯನ್ನು ಇಲ್ಲಿ ಬಿಟ್ಟುಕೊಟ್ಟಿತು. ಶೀತಭೂಮಿಯ ಆ ಜನ ದಕ್ಷಿಣದ ಸೆಖೆಯಲ್ಲಿ ಡೇರೆ ಗುಡಿಸಲುಗಳಲ್ಲಿದ್ದುಕೊಂಡು, ಆನೆಯ ಭಯದ ನಡುವೆ ಕಾಡು ಕಡಿದು, ಬಾರ್ಲಿ ಬಿತ್ತಿದ ಕೈಗಳಿಗೆ ಜೋಳದ ಬೇಸಾಯವನ್ನು ರೂಢಿಸಿ, ಸಹಕಾರ ಸಂಘವನ್ನು ಕಟ್ಟಿ, ಚಳಿಗಾಲದಲ್ಲಿ ನಗರನಗರಗಳಿಗೆ ಹೋಗಿ ಸ್ವೆಟರ್ ಮಾರಿ ಜೀವನವನ್ನು ಕುದುರಿಸಿಕೊಂಡರು. 1969ರಲ್ಲಿ ಪಕ್ಕದಲ್ಲಿಯೇ ಎರಡನೆಯ ವಸಾಹತಾಯಿತು. ಮುಂಡಗೋಡು, ಗುರುಪುರ, ಒಡೆಯರಪಾಳ್ಯಗಳಲ್ಲಿ ಬೇರೆಯವು ಎದ್ದವು. ಲ್ಹಾಸಾ ಪ್ರಾಂತದ ಮೂರು ಮಹಾವಿಹಾರಗಳಲ್ಲಿ ಸೆರಾ ಬೈಲಕುಪ್ಪೆಯಲ್ಲಿಯೂ, ಡ್ರೆಪುಂಗ್ ಗಾಂಡೆನ್‌ಗಳು ಮುಂಡಗೋಡಿನಲ್ಲಿಯೂ ಪುನಃ ತಲೆಯೆತ್ತಿದುದು ಕನ್ನಡ ನಾಡಿನ ಇತಿಹಾಸದಲ್ಲಿ ಸಾಮಾನ್ಯ ಸಂಗತಿಯಲ್ಲ.

ಉಳಲು ನೆಲ, ಆಳಿಕೊಳ್ಳಲು ಸಂಸ್ಥೆ, ಓದಲು ಶಾಲೆ, ಇವು ದೊರೆತುದರಿಂದಲೇ ಇವರು ಪಡಿತರವನ್ನು ಕಾಯುವ ನಿರಾಶ್ರಿತರಾಗಿ ಉಳಿಯಲಿಲ್ಲ. 1983ರಿಂದೀಚೆಗೆ ಸಮುದ್ರವನ್ನು ದಾಟಿ ಬಂದ ಲಂಕೆಯ ತಮಿಳರಲ್ಲಿ ಸಹಸ್ರಾರು ಮಂದಿ ಇಂದಿಗೂ ತಮಿಳುನಾಡಿನ ಶಿಬಿರಗಳಲ್ಲಿಯೇ ಇದ್ದಾರೆ. ಒಂದೇ ದೇಶದ ಆತಿಥ್ಯದಲ್ಲಿ ಇಷ್ಟು ಅಂತರವೇಕೆ? ಭಾರತವು 1951ರ ನಿರಾಶ್ರಿತರ ಒಡಂಬಡಿಕೆಗೆ ಸಹಿ ಹಾಕಿಲ್ಲ, ತನ್ನದೇ ಆದ ನಿರಾಶ್ರಿತರ ಕಾಯಿದೆಯನ್ನೂ ಮಾಡಿಕೊಂಡಿಲ್ಲ. ಆದುದರಿಂದ ಬಂದವರ ಭವಿಷ್ಯವು ಆಯಾ ಕಾಲದ ಅಧಿಕಾರಸ್ಥರ ಕೃಪೆಯನ್ನು ಅವಲಂಬಿಸಿದೆ. ಬೈಲಕುಪ್ಪೆಯಲ್ಲಿಯೇ ಹುಟ್ಟಿ ಕನ್ನಡವಾಡುವ ತರುಣನೂ ಬಹುಮಟ್ಟಿಗೆ ನೋಂದಣಿ ಪತ್ರವನ್ನು ನವೀಕರಿಸಿಕೊಳ್ಳುತ್ತ ಪರದೇಶೀಯನಾಗಿಯೇ ಬಾಳಬೇಕು.

ನಮ್ಮ ಭೂಹೀನರಿಗೇ ದೊರೆಯದ ನೆಲ ಅನ್ಯರಿಗೇಕೆಂಬ ಆಕ್ಷೇಪವನ್ನು ನಾನು ಹಗುರವಾಗಿ ಕಾಣಲಾರೆ. ಕಾಡಂಚಿನ ಬಡವನ ಪ್ರಶ್ನೆಗೆ ಸರ್ಕಾರ ಉತ್ತರ ಕೊಡಲೇಬೇಕು. ಆದರೆ ಆ ಉತ್ತರ ಬಾಗಿಲು ಮುಚ್ಚುವುದಲ್ಲ. ನೆಲದ ಹಾಗೂ ವೆಚ್ಚದ ಹೊಣೆಯನ್ನು ಎಲ್ಲ ರಾಜ್ಯಗಳೂ ಹಂಚಿಕೊಳ್ಳುವಂತೆ, ಕುಲಮತಗಳನ್ನೆಣಿಸದೆ ಆಶ್ರಯಾರ್ಥಿಗೆ ದುಡಿಮೆಯ ಹಕ್ಕನ್ನೂ, ಇಲ್ಲಿ ಹುಟ್ಟಿದ ಮಕ್ಕಳಿಗೆ ಪೌರತ್ವದ ಮಾರ್ಗವನ್ನೂ ವಿಧಿಸುವ ಶಾಸನವೊಂದನ್ನು ಸಂಸತ್ತು ರಚಿಸತಕ್ಕದ್ದು. ಅದಕ್ಕೆ ಬೇಕಾದ ಅನುಭವ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಅರವತ್ತು ವರ್ಷಗಳಿಗೂ ಮಿಕ್ಕಿ ಸಂಚಿತವಾಗಿದೆ.