ಅಜ್ಜಂಪುರ ತಾಲ್ಲೂಕು ಪಂಚಾಯಿತಿಗೆ ವೋಟು ಹಾಕಿದವರು ಯಾರು?

ಪ್ರಶ್ನೆಗೆ ಉತ್ತರ: ಯಾರೂ ಇಲ್ಲ. ಕರ್ನಾಟಕದಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರ ಫೆಬ್ರವರಿಯಲ್ಲಿ. ತರೀಕೆರೆಯಿಂದ ಬೇರ್ಪಡಿಸಿ ಅಜ್ಜಂಪುರವನ್ನು ತಾಲ್ಲೂಕು ಮಾಡುತ್ತೇವೆ ಅನ್ನುವ ಘೋಷಣೆ ಬಂದದ್ದು 2017ರಲ್ಲಿ. ಅಂದರೆ ಅಲ್ಲಿನ ಜನ ಹಿಂದೆ ತರೀಕೆರೆ ತಾಲ್ಲೂಕು ಪಂಚಾಯಿತಿಗೆ ಮತ ಹಾಕಿದ್ದಾರೆ, ತಮ್ಮದೇ ತಾಲ್ಲೂಕು ಪಂಚಾಯಿತಿಗೆ ಒಂದು ಸಲವೂ ಹಾಕಿಲ್ಲ. ಪಕ್ಕದ ಕಡೂರು, ತರೀಕೆರೆಯವರ ಕತೆಯೂ ತೀರಾ ಬೇರೆ ಏನಲ್ಲ. 2021ರಲ್ಲಿ ಸದಸ್ಯರ ಅವಧಿ ಮುಗಿಯಿತು, ಆಡಳಿತಾಧಿಕಾರಿ ಬಂದು ಕೂತರು.

ಶಾಲೆಯ ಪೌರನೀತಿ ಪಾಠ ನಮಗೆ ಸರ್ಕಾರಗಳನ್ನು ಖಾನೆ ಹಾಕಿ ಕಲಿಸಿತ್ತು. ರಾಜಪ್ರಭುತ್ವದಲ್ಲಿ ರಾಜ ಹೇಳಿದ್ದೇ ಆಯಿತು, ಸರ್ವಾಧಿಕಾರದಲ್ಲಿ ಕೇಳೋ ಹಾಗೇ ಇಲ್ಲ, ಪ್ರಜಾಪ್ರಭುತ್ವದಲ್ಲಿ ಎಲ್ಲವೂ ಪ್ರಜೆಗಳದ್ದೇ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಕಡೂರು-ತರೀಕೆರೆ ಸೀಮೆಯ ಇನ್ನೂರು ವರ್ಷವನ್ನು ಈ ಖಾನೆಗಳಲ್ಲಿ ತುಂಬೋಕೆ ಹೋದರೆ ಯಾವುದೂ ಸರಿಯಾಗಿ ಕೂರಲ್ಲ.

1830ರಿಂದ ಶುರು ಮಾಡೋಣ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಆಗ ಕಂದಾಯ ವಸೂಲಿಗೆ 'ಶರತ್ತು' ಅನ್ನೋ ಪದ್ಧತಿ ಇತ್ತು. ಇಷ್ಟು ಹಣ ತಂದುಕೊಡುತ್ತೇನೆ ಅಂತ ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು, ಕಡಿಮೆ ಬಿದ್ದರೆ ಅವನೇ ತುಂಬಬೇಕು. ಅವನು ಎಲ್ಲಿಂದ ತುಂಬಿದ ಅಂತ ಬಿಡಿಸಿ ಹೇಳಬೇಕಿಲ್ಲ. ನಗರ ಸೀಮೆಯ ರೈತರು ಗುಂಪುಗುಂಪಾಗಿ ಸೇರಿ, ಕಂದಾಯ ಕಟ್ಟೋದಿಲ್ಲ ಅಂತ ತೀರ್ಮಾನ ಮಾಡಿದರು. ಆ ಸಭೆಗಳನ್ನು ಚರಿತ್ರೆ 'ಕೂಟ' ಅಂತ ಕರೆಯುತ್ತದೆ. ಊರಿಂದ ಊರಿಗೆ ಕಾಗದ ಹೋಗುತ್ತಿತ್ತು, ಒಂದು ಕೂಟ ಮತ್ತೊಂದು ಕೂಟವನ್ನು ಕರೆಯುತ್ತಿತ್ತು. ಅಧಿಕಾರ ಕಳೆದುಕೊಂಡಿದ್ದ ತರೀಕೆರೆ ಪಾಳೆಯಗಾರರ ಮನೆತನವೂ ಇದರೊಳಗೆ ಬಂತು. (ರೈತರ ಸಿಟ್ಟಿನ ಮೇಲೆ ಹಳೇ ಗೌಡಿಕೆ ಸವಾರಿ ಮಾಡೋದು ಇವತ್ತಿನ ಆವಿಷ್ಕಾರವೇನಲ್ಲ.) ದಂಗೆಯನ್ನು ಅಡಗಿಸಿದ ಮೇಲೆ, 1831ರಲ್ಲಿ ಬ್ರಿಟಿಷರು ಮಹಾರಾಜರಿಂದ ಆಡಳಿತವನ್ನೇ ಕಿತ್ತುಕೊಂಡರು.

ಗಮನಿಸಬೇಕಾದ್ದು ಇಲ್ಲಿದೆ. ರಾಜಪ್ರಭುತ್ವದಲ್ಲಿ ಜನರಿಗೆ ಪಾತ್ರವೇ ಇರಲಿಲ್ಲ ಅನ್ನೋದು ತಪ್ಪು. ಪಾತ್ರ ಇತ್ತು, ಬಾಗಿಲು ಇರಲಿಲ್ಲ. ಹೇಳಿಕೊಳ್ಳೋಕೆ ಜಾಗವಿಲ್ಲದವರು ಕೊಡೋದನ್ನು ನಿಲ್ಲಿಸಿದರು.

ಮುಂದಿನ ಐವತ್ತು ವರ್ಷ ಕಮಿಷನರ್‌ಗಳ ಆಳ್ವಿಕೆ. 1834ರಿಂದ 1861ರವರೆಗೆ ಮಾರ್ಕ್ ಕಬ್ಬನ್. ಶರತ್ತು ಹೋಯಿತು, ರಸ್ತೆ ಬಂತು, ಕಚೇರಿಗಳು ಒಂದು ಹದಕ್ಕೆ ಬಂದವು. ಆಡಳಿತ ಹಿಂದಿನದಕ್ಕಿಂತ ಚೆನ್ನಾಗಿತ್ತು ಅಂತಲೇ ಇಟ್ಟುಕೊಳ್ಳಿ. ಆದರೆ ಪ್ರಜೆಯ ಕೈಯಲ್ಲಿ ಇದ್ದದ್ದು ಅರ್ಜಿ ಒಂದೇ. ದಕ್ಷ ಅಧಿಕಾರಿ ಇದ್ದರೆ ಚುನಾವಣೆ ಯಾಕೆ ಅಂತ ಈಗಲೂ ಕೇಳುವವರಿದ್ದಾರಲ್ಲ, ಆ ವಾದದ ಪೂರ್ಣ ಪ್ರಯೋಗ ನಮ್ಮಲ್ಲಿ ಆಗಲೇ ನಡೆದುಹೋಗಿದೆ.

1881ರಲ್ಲಿ ಆಡಳಿತ ಒಡೆಯರಿಗೆ ಮರಳಿತು. ಅದೇ ವರ್ಷ ದಿವಾನ್ ರಂಗಾಚಾರ್ಲು ದಸರಾ ಹೊತ್ತಿಗೆ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಕರೆದರು. 144 ಜನ. ಪ್ರತಿ ತಾಲ್ಲೂಕಿನಿಂದ ಒಬ್ಬಿಬ್ಬರು ಹಿಡುವಳಿದಾರರು, ಜೊತೆಗೆ ವರ್ತಕರು. ಆಗ ನಮ್ಮ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. 'ಚಿಕ್ಕಮಗಳೂರು ಜಿಲ್ಲೆ' ಆದದ್ದು 1947ರಲ್ಲಿ. ಮೊದಲ ಸಭೆಗೆ ಹೋದವರನ್ನು ಆರಿಸಿದ್ದು ಜನರಲ್ಲ, ಅಧಿಕಾರಿಗಳು. ಆ ಪ್ರತಿನಿಧಿಗಳು ಪ್ರಶ್ನೆ ಕೇಳಬಹುದು, ಕಷ್ಟ ಹೇಳಿಕೊಳ್ಳಬಹುದು. ಕಾನೂನು ಮಾಡೋ ಹಾಗಿಲ್ಲ, ಬಜೆಟ್ ತಡೆಯೋ ಹಾಗಿಲ್ಲ. ಇದನ್ನು ದರ್ಬಾರಿನ ಅಲಂಕಾರ ಅಂತ ತಳ್ಳಿಹಾಕೋದು ಸುಲಭ. ನಾನು ತಳ್ಳಿಹಾಕಲ್ಲ. ದಿವಾನರು ವರ್ಷಕ್ಕೊಮ್ಮೆ ಎದುರು ನಿಂತು ಲೆಕ್ಕ ಒಪ್ಪಿಸಬೇಕು ಅನ್ನೋ ಅಭ್ಯಾಸ ಶುರುವಾದದ್ದು ಅಲ್ಲಿ. ಅಭ್ಯಾಸ ಬೆಳೆಯಿತು ಕೂಡ. 1891ರಿಂದ ಸೀಮಿತ ಚುನಾವಣೆ ಬಂತು, 1907ರಲ್ಲಿ ನ್ಯಾಯವಿಧಾಯಕ ಸಭೆ ಬಂತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರ ಸಿಕ್ಕಿತು, ಹೆಣ್ಣುಮಕ್ಕಳಿಗಿದ್ದ ಅಡ್ಡಿಯೂ ಹೋಯಿತು. ಆದರೆ ಮತ ಆಸ್ತಿಗೆ, ಕಂದಾಯಕ್ಕೆ, ಓದಿಗೆ ಅಂಟಿಕೊಂಡಿತ್ತು. ಕೂಲಿಗೆ ಹೋಗುವವನಿಗೆ ದಸರಾ ಸಭೆ ದೂರದ ದೀಪವೇ ಆಗಿತ್ತು. ಜವಾಬ್ದಾರಿ ಸರ್ಕಾರ ಬರೋಕೆ 1947ರ 'ಮೈಸೂರು ಚಲೋ' ಬೇಕಾಯಿತು.

ಎಂಜಿನಿಯರಿಂಗ್‌ನಲ್ಲಿ ನನ್ನ ತಲೆಯಲ್ಲಿ ಉಳಿದ ಕೆಲವೇ ಪಾಠಗಳಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಒಂದು. ಫ್ಯಾನಿನ ರೆಗ್ಯುಲೇಟರನ್ನು ಮೂರಕ್ಕೆ ಇಟ್ಟರೆ ನಿಮಗೆ ಚಳಿ ಆಗ್ತಿದೆಯೋ ಸೆಕೆಯೋ ಅದಕ್ಕೆ ಗೊತ್ತಾಗಲ್ಲ, ತಿರುಗ್ತಾನೇ ಇರುತ್ತೆ. ಇದು ಓಪನ್ ಲೂಪ್. ಫ್ರಿಜ್ ಹಾಗಲ್ಲ, ಒಳಗಿನ ಬಿಸಿಯನ್ನು ಅಳೆದು ತನ್ನನ್ನು ತಿದ್ದಿಕೊಳ್ಳುತ್ತೆ. ಸರ್ಕಾರಗಳನ್ನು ಹೆಸರಿನಿಂದ ವಿಂಗಡಿಸೋದಕ್ಕಿಂತ ಹೀಗೆ ನೋಡೋದು ಹೆಚ್ಚು ಉಪಯೋಗ ಅಂತ ನನಗನ್ನಿಸುತ್ತೆ. ಜನ ಹೇಳಿದ್ದು ಎಲ್ಲಿಗೆ ತಲುಪುತ್ತೆ? ಎಷ್ಟು ದಿನಕ್ಕೆ? 'ಬೇಡ' ಅಂದರೆ ಏನಾದರೂ ನಿಲ್ಲುತ್ತಾ?

ಸ್ವಿಟ್ಜರ್ಲೆಂಡಿನಲ್ಲಿ ಸಂಸತ್ತು ಪಾಸು ಮಾಡಿದ ಕಾನೂನನ್ನು 100 ದಿನದೊಳಗೆ 50,000 ಸಹಿ ಸೇರಿಸಿ ಜನಮತಕ್ಕೆ ಎಳೆಯಬಹುದು. 'ಬೇಡ' ಅನ್ನೋದಕ್ಕೆ ಅಲ್ಲಿ ನಿಜವಾದ ತೂಕ ಇದೆ. ಚೀನಾದಲ್ಲೂ ಹಳ್ಳಿ ಸಮಿತಿಗೆ ಚುನಾವಣೆ ನಡೆಯುತ್ತೆ, ಆದರೆ ಪಕ್ಷದ ಹಿಡಿತ ಆ ಮತಪೆಟ್ಟಿಗೆಯ ಆಚೆಗೇ ಇರುತ್ತೆ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ಬಡಾವಣೆಯ ಜನರೇ ಕೂತು, ಹಣ ಚರಂಡಿಗೋ ರಸ್ತೆಗೋ ಅಂತ ಚರ್ಚಿಸಿ ಬಜೆಟ್ ರೂಪಿಸುವ ಪದ್ಧತಿ ಬೆಳೆಯಿತು. ಭಾರತ, ಬ್ರೆಜಿಲ್ ಎರಡೂ ಪ್ರಜಾಪ್ರಭುತ್ವವೇ. ಆದರೂ ನಮ್ಮೂರಿನ ಚರಂಡಿ ವಿಷಯ ಯಾರ ಮುಂದೆ ಬರುತ್ತೆ ಅಂತ ಯೋಚಿಸಿ.

ನಮ್ಮಲ್ಲಿ ಕಾನೂನು ಕೆಟ್ಟದಾಗಿಲ್ಲ, ಅದೇ ಬೇಜಾರು. ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗ ದೇಶವೇ ತಿರುಗಿ ನೋಡಿತ್ತು. ಸಂವಿಧಾನದ 73ನೇ ತಿದ್ದುಪಡಿ ಬಂದದ್ದು ಅದಾದ ಮೇಲೆ. ಈಗಿನ ಕಾಯ್ದೆ 1993ರದ್ದು. ಅದರ ಪ್ರಕಾರ ಗ್ರಾಮಸಭೆ ಅಂದರೆ ಪಂಚಾಯಿತಿ ಸದಸ್ಯರ ಸಭೆ ಅಲ್ಲ, ಮತದಾರರ ಪಟ್ಟಿಯಲ್ಲಿರುವ ಅಷ್ಟೂ ಜನರ ಸಭೆ. ಹತ್ತನೇ ಒಂದು ಭಾಗ ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು ಸೇರಿದರೆ ಕೋರಂ. ಮನೆ ಯಾರಿಗೆ, ಯಾವ ಕಾಮಗಾರಿ ಮೊದಲು ಅನ್ನೋದು ಅಲ್ಲಿಗೆ ಬರಬೇಕು. 'ಜಮಾಬಂದಿ' ಅನ್ನೋ ಮಾತನ್ನೇ ತಗೊಳ್ಳಿ. ರಾಜರ ಕಾಲದಲ್ಲಿ ಅದು ರೈತ ಎಷ್ಟು ಕಟ್ಟಬೇಕು ಅಂತ ಸರ್ಕಾರ ಹಾಕೋ ಲೆಕ್ಕ. ಇವತ್ತು ಗ್ರಾಮ ಪಂಚಾಯಿತಿಯ ಜಮಾಬಂದಿ ಅಂದರೆ ಪಂಚಾಯಿತಿಯ ಖರ್ಚು, ಕಾಮಗಾರಿಗಳನ್ನು ಊರವರ ಮುಂದೆ ತೆರೆದಿಡೋದು. ಅದೇ ಪದ, ಲೆಕ್ಕ ಕೇಳುವವರು ಮಾತ್ರ ಬದಲಾದರು. ವಾಸ್ತವದಲ್ಲಿ ಎಷ್ಟೋ ಕಡೆ ಸಹಿ ಪುಸ್ತಕ ಮನೆಮನೆಗೆ ಹೋಗಿ ಕೋರಂ ತುಂಬಿಸಿಕೊಂಡು ಬರುತ್ತೆ. ಇದು ನಿಮಗೂ ಗೊತ್ತು.

ಈಗ ಮಧ್ಯದ ಮೆಟ್ಟಿಲಿಗೆ ಬನ್ನಿ. ಊರಿಗೂ ವಿಧಾನಸೌಧಕ್ಕೂ ನಡುವೆ ಇರೋದು ತಾಲ್ಲೂಕು, ಜಿಲ್ಲಾ ಪಂಚಾಯಿತಿ. ಅವು ಖಾಲಿ. ಅವಧಿ ಐದು ವರ್ಷ, ಮುಗಿಯೋದಕ್ಕೆ ಮೊದಲೇ ಚುನಾವಣೆ ಮುಗಿದಿರಬೇಕು ಅಂತ ಸಂವಿಧಾನದ 243ಇ ವಿಧಿ ಹೇಳುತ್ತೆ. ಕರ್ನಾಟಕದಲ್ಲಿ 2021ರಲ್ಲಿ ಆದದ್ದು ಏನು? ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದಿಂದ ತೆಗೆದು ಬೇರೊಂದು ಆಯೋಗಕ್ಕೆ ಕೊಟ್ಟರು. ಆಮೇಲೆ ವಿಂಗಡಣೆ, ಮೀಸಲಾತಿ, ಕೋರ್ಟು, ಮತ್ತೆ ವಿಂಗಡಣೆ. ಬಿಜೆಪಿ ಸರ್ಕಾರ ಶುರು ಮಾಡಿದ ತಡ ಕಾಂಗ್ರೆಸ್ ಸರ್ಕಾರದಲ್ಲೂ ಆರಾಮಾಗಿ ಮುಂದುವರಿಯಿತು. ಶಾಸಕರಿಗೆ ಇದರಿಂದ ನಷ್ಟವಿಲ್ಲ. ಜಿಲ್ಲಾ ಪಂಚಾಯಿತಿ ಸದಸ್ಯ ಅಂದರೆ ನಾಳಿನ ಟಿಕೆಟ್ ಆಕಾಂಕ್ಷಿ ತಾನೆ?

ಇದು ಬರೀ ಕುರ್ಚಿ ವಿಷಯ ಆಗಿದ್ದರೆ ಬಿಡಬಹುದಿತ್ತು. ಸಂವಿಧಾನ ಹೇಳುವ ಜಿಲ್ಲಾ ಯೋಜನಾ ಸಮಿತಿಯಲ್ಲಿ ಐದರಲ್ಲಿ ನಾಲ್ಕು ಭಾಗ, ಜಿಲ್ಲಾ ಪಂಚಾಯಿತಿ ಮತ್ತು ಪಟ್ಟಣದ ಸಂಸ್ಥೆಗಳ ಚುನಾಯಿತ ಸದಸ್ಯರು ತಮ್ಮೊಳಗಿಂದ ಆರಿಸಿದವರೇ ಇರಬೇಕು. ಜಿಲ್ಲಾ ಪಂಚಾಯಿತಿಗೆ ಸದಸ್ಯರೇ ಇಲ್ಲದಿದ್ದರೆ ಹಳ್ಳಿಗಳ ಪರ ಆ ಮೇಜಿನ ಸುತ್ತ ಯಾರು ಕೂರಬೇಕು? ಭದ್ರಾ ಮೇಲ್ದಂಡೆ ಯೋಜನೆ ಹಾದುಹೋಗುವುದು ಈ ಸೀಮೆಯಲ್ಲೇ, ಸುರಂಗ ಇರೋದು ಅಜ್ಜಂಪುರದ ಹತ್ತಿರ. 2023ರ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ 5,300 ಕೋಟಿ ರೂಪಾಯಿ ಘೋಷಣೆಯಾಯಿತು. 2013ರ ಭೂಸ್ವಾಧೀನ ಕಾಯ್ದೆ ಖಾಸಗಿ ಕಂಪನಿಗೆ ಜಮೀನು ಬೇಕಾದರೆ ಶೇ 80ರಷ್ಟು ಕುಟುಂಬಗಳ ಒಪ್ಪಿಗೆ ಕೇಳುತ್ತೆ, ಪಾಲುದಾರಿಕೆ ಯೋಜನೆಗೆ ಶೇ 70. ಸರ್ಕಾರದ್ದೇ ಯೋಜನೆಯಾದರೆ ಈ ಷರತ್ತು ಇಲ್ಲ. ಹಾಗಿರುವಾಗ ಯಾವ ಕೆರೆಗೆ ನೀರು, ಯಾರ ಹೊಲದಲ್ಲಿ ಕಾಲುವೆ ಅನ್ನೋ ಜಗಳವನ್ನು ಎತ್ತೋಕೆ ಇರೋ ಚುನಾಯಿತ ವೇದಿಕೆಗಳೇ ಬೇಕು. ಕಡೂರಿನವರು ಸಂಸದರನ್ನು ಹುಡುಕಿಕೊಂಡು ಹೋಗಬೇಕಾದ್ದು ಹಾಸನ ಕ್ಷೇತ್ರಕ್ಕೆ, ತರೀಕೆರೆ-ಅಜ್ಜಂಪುರದವರದ್ದು ಉಡುಪಿ-ಚಿಕ್ಕಮಗಳೂರು. ಒಂದೇ ನೀರಿನ ವಿಷಯಕ್ಕೆ ಎರಡು ದಿಕ್ಕು. ಮೂರೂ ತಾಲ್ಲೂಕಿನವರು ಒಟ್ಟಿಗೆ ಕೂರಬಹುದಾಗಿದ್ದ ಜಾಗ ಚಿಕ್ಕಮಗಳೂರು ಜಿಲ್ಲಾ ಪಂಚಾಯಿತಿ.

ಇನ್ನು ಗ್ರಾಮ ಪಂಚಾಯಿತಿಗಳು. ಅವಕ್ಕೆ ಚುನಾವಣೆ ನಡೆದದ್ದು 2020ರ ಡಿಸೆಂಬರ್‌ನಲ್ಲಿ, ಅವಧಿ ಅಲ್ಲೂ ಐದೇ ವರ್ಷ. ಸದಸ್ಯರು ಇರಲಿ ಇಲ್ಲದಿರಲಿ, ಗ್ರಾಮಸಭೆ ಮತದಾರರದ್ದು. ಮುಂದಿನ ಸಲ ನಿಮ್ಮೂರಲ್ಲಿ ಟಾಂ ಟಾಂ ಹೊಡೆದಾಗ ಹೋಗಿ, ಹಿಂದಿನ ಸಭೆಯ ನಡಾವಳಿ ಪುಸ್ತಕ ಕೇಳಿ. ಅಲ್ಲಿ ನಿಮ್ಮ ಸಹಿ ಈಗಾಗಲೇ ಇದ್ದರೂ ಇರಬಹುದು.