ಆರು ದಿನದ ಪ್ರವಾಸಕ್ಕೆ ಏಳು ದಿನದ ಲೆಕ್ಕ

ಪರೀಕ್ಷೆ ಮುಗಿಯುತ್ತಿದ್ದಂತೆ ಮಕ್ಕಳದು ಒಂದೇ ರಾಗ: ‘ಈ ಸಲ ಅಂಡಮಾನಿಗೆ ಹೋಗೋಣ!’ ವಿಮಾನದ ದರ ಕೇಳಿ ಹೌಹಾರಿದ ಅಪ್ಪ, ಹೇಗೋ ಹೊಂದಿಸಿ ಟಿಕೆಟ್ ಮಾಡಿಸುತ್ತಾರೆ. ಖರ್ಚು ಅಲ್ಲಿಗೇ ಮುಗಿಯಿತೆಂದುಕೊಂಡರೆ ಮೋಸಹೋದಂತೆ. ಜೇಬು ಖಾಲಿಯಾಗುವುದು ದ್ವೀಪದಲ್ಲಿ ಇಳಿದ ಮೇಲೆ, ದಿನಕ್ಕಿಷ್ಟರಂತೆ.

ಚೆನ್ನೈನಿಂದ 1,300 ಕಿ.ಮೀ.ಗೂ ಹೆಚ್ಚು ದೂರದ ಈ ದ್ವೀಪಗಳಿಗೆ ದಿನಬಳಕೆಯ ಬಹುಪಾಲು ಸಾಮಾನು ಹಡಗಿನಲ್ಲೇ ಬರಬೇಕು. ಹೀಗಾಗಿ ಊರಿನ ದರವನ್ನೇ ನೆಚ್ಚಿ ಹೊರಟರೆ ಕಷ್ಟ.

ಲೆಕ್ಕವನ್ನು ಎರಡು ಭಾಗ ಮಾಡಿಕೊಳ್ಳುವುದು ಜಾಣತನ. ವಿಮಾನ ಮತ್ತು ದ್ವೀಪದಿಂದ ದ್ವೀಪಕ್ಕೆ ಹೋಗುವ ಹಡಗಿನ ಟಿಕೆಟ್ ಒಂದು ಭಾಗ. ಕೋಣೆಯ ಬಾಡಿಗೆ, ಊಟ-ತಿಂಡಿ, ಆಟೋ, ಪ್ರವೇಶ ಶುಲ್ಕ ಇನ್ನೊಂದು. ಈ ಎರಡನೆಯದನ್ನು ದಿನಗಳಿಗೆ ಹಂಚಬೇಕು. ನಾಲ್ವರ ಕುಟುಂಬದ ಬಳಿ ಇದಕ್ಕೆಂದು 42,000 ರೂಪಾಯಿ ಇದೆ ಎನ್ನೋಣ. ಪ್ರವಾಸ ಆರು ದಿನದ್ದು. ಆರರಿಂದ ಭಾಗಿಸಿದರೆ ದಿನಕ್ಕೆ 7,000. ಆದರೆ ಭಾಗಿಸಬೇಕಾದ್ದು ಏಳರಿಂದ, ದಿನಕ್ಕೆ 6,000. ಉಳಿದ ಒಂದು ದಿನದ ಹಣ ಸಮುದ್ರರಾಯನ ಹೆಸರಿಗೆ!

ಇದು ಬರೀ ತಮಾಷೆಯಲ್ಲ. 2016ರ ಡಿಸೆಂಬರಿನಲ್ಲಿ ಬಿರುಗಾಳಿ-ಮಳೆಯಿಂದ ಹಡಗುಗಳು ನಿಂತು, ಹ್ಯಾವ್‌ಲಾಕ್ ಮತ್ತು ನೀಲ್ ದ್ವೀಪಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರವಾಸಿಗರು ಸಿಕ್ಕಿಬಿದ್ದರು. ಅವರನ್ನು ಕರೆತರಲು ನೌಕಾಪಡೆಯೇ ಹೋಗಬೇಕಾಯಿತು. ಅಂಥ ಹೊತ್ತಿನಲ್ಲಿ ಕೋಣೆಯ ಬಾಡಿಗೆಯೂ ನಿಲ್ಲದು, ಹಸಿವೂ ನಿಲ್ಲದು. ಬೇಸಿಗೆ ರಜೆಯಲ್ಲಿ ಹೋಗುವವರಿಗೂ ಈ ಮಾತು ಸಲ್ಲುತ್ತದೆ. ಮುಂಗಾರು ಕರ್ನಾಟಕಕ್ಕಿಂತ ಮೊದಲು, ಮೇ ತಿಂಗಳಲ್ಲೇ ಅಂಡಮಾನ್ ತಲುಪುತ್ತದೆ. ಕೊನೆಯ ರಾತ್ರಿಯನ್ನು ವಿಮಾನ ನಿಲ್ದಾಣವಿರುವ ಶ್ರೀ ವಿಜಯಪುರಂನಲ್ಲೇ (2024ರವರೆಗೆ ಪೋರ್ಟ್ ಬ್ಲೇರ್) ಕಳೆದರೆ, ಹಡಗು ತಪ್ಪಿ ವಿಮಾನವೂ ತಪ್ಪುವ ಭಯವಿಲ್ಲ.

ಎಲ್ಲಾ ದಿನಗಳ ಖರ್ಚು ಒಂದೇ ಸಮ ಇರುವುದಿಲ್ಲ. 2018ರಿಂದ ಸ್ವರಾಜ್ ದ್ವೀಪ ಎನಿಸಿಕೊಂಡ ಹ್ಯಾವ್‌ಲಾಕ್‌ನ ರಾಧಾನಗರ ಕಡಲತೀರದಲ್ಲಿ ನೀರಾಡಿ, ಸೂರ್ಯಾಸ್ತ ನೋಡಿದ ದಿನ ಖರ್ಚು ಕಡಿಮೆ. ಗಾಳಿ ತುಂಬಿದ ನಳಿಗೆ ಕಟ್ಟಿ ಹವಳ ನೋಡಲು ಸಮುದ್ರದ ಆಳಕ್ಕಿಳಿಯುವ ದಿನ ಒಬ್ಬೊಬ್ಬರಿಗೂ ಸಾವಿರಗಟ್ಟಲೆ ಕೊಡಬೇಕು. ಅಂಥ ಆಟ ಒಂದೇ ಸಾಕೆಂದು ಮನೆಯಲ್ಲೇ ತೀರ್ಮಾನಿಸಿದರೆ, ದಡದಲ್ಲಿ ಮಕ್ಕಳ ಮುಖ ಬಾಡುವುದಿಲ್ಲ. ದ್ವೀಪಗಳಲ್ಲಿ ಮೊಬೈಲ್ ಸಂಪರ್ಕ ಆಗಾಗ ಕೈಕೊಡುವುದರಿಂದ ಸ್ವಲ್ಪ ನಗದು ಜೊತೆಗಿರಲಿ.

ಹೊತ್ತಿಗೂ ಬೆಲೆಯಿದೆ. ಡಿಸೆಂಬರಿನಲ್ಲಿ ಅಲ್ಲಿ ಸಂಜೆ ಐದರ ಸುಮಾರಿಗೇ ಕತ್ತಲು. ಒಂಬತ್ತಕ್ಕೆ ಏಳುವವರು, ಹಣ ಕೊಟ್ಟ ದಿನದ ಒಂದು ಪಾಲನ್ನು ಹಾಸಿಗೆಯಲ್ಲೇ ಕಳೆದಂತೆ. ಹವಳದ ತುಂಡನ್ನು ನೆನಪಿಗೆಂದು ಚೀಲಕ್ಕೆ ಹಾಕಿಕೊಳ್ಳುವುದಂತೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಆ ಬಿಟ್ಟಿ ಉಡುಗೊರೆ ಬಲು ದುಬಾರಿಯಾದೀತು.

ಇನ್ನು ಲೆಕ್ಕ ಬರೆಯುವವರು ಯಾರು? ಮನೆಯ ಹೈಸ್ಕೂಲು ಹುಡುಗನಿಗೋ ಕಾಲೇಜು ಹುಡುಗಿಗೋ ಆ ಕೆಲಸ ವಹಿಸಬಹುದು. ರಾತ್ರಿ ಊಟವಾದ ಮೇಲೆ ಹತ್ತು ನಿಮಿಷ: ಇಂದಿನ ಪಾಲು 6,000, ಖರ್ಚು 5,200, ನಾಳೆಗೆ ಉಳಿದದ್ದು 800. ‘ಇನ್ನೊಂದು ಐಸ್‌ಕ್ರೀಂ ಕೊಡಿಸಿ’ ಎಂದು ಹಟ ಮಾಡುತ್ತಿದ್ದವರೇ ಮೂರನೆಯ ದಿನ ‘ಬೇಡಪ್ಪಾ, ನಾಳೆ ಹಡಗಿನ ದಿನ’ ಎನ್ನತೊಡಗುತ್ತಾರೆ.

ಸಮುದ್ರ ಶಾಂತವಾಗಿದ್ದರೆ ಏಳನೆಯ ದಿನದ ಹಣ ಹಾಗೆಯೇ ಮನೆಗೆ ಮರಳುತ್ತದೆ. ಜೂನ್ ಬಂತೆಂದರೆ ಪುಸ್ತಕ, ಸಮವಸ್ತ್ರಗಳ ಪಟ್ಟಿ ಹೇಗೂ ಕಾದಿರುತ್ತದೆ.